ಅರಾಜಕತೆಯ ಇನ್ನೊಂದು ಅರ್ಥ: ಬೆಂಜಮಿನ್ ಟಕ್ಕರ್‌ನ 'ಲಿಬರ್ಟಿ' ಪತ್ರಿಕೆ ಮತ್ತು ಮಾರುಕಟ್ಟೆಯ ಅರಾಜಕತಾವಾದ

1

ಕನ್ನಡದಲ್ಲಿ 'ಅರಾಜಕತೆ' ಎಂಬ ಪದ ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವುದು ಗಲಭೆ, ಲೂಟಿ, ಹೇಳುವವರು ಕೇಳುವವರಿಲ್ಲದ ಊರು. ಪತ್ರಿಕೆಗಳ ತಲೆಬರಹಗಳಲ್ಲಿಯೂ ಶಾಸನಸಭೆಯ ಚರ್ಚೆಗಳಲ್ಲಿಯೂ ಈ ಪದ ಬಳಕೆಯಾಗುವುದು ಇದೇ ಅರ್ಥದಲ್ಲಿ. ಇದು ಆಧುನಿಕ ಪತ್ರಿಕೋದ್ಯಮ ಸೃಷ್ಟಿಸಿದ ಅರ್ಥವೇನೂ ಅಲ್ಲ. ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥ ತೀರಿಕೊಂಡು ಭರತ ಇನ್ನೂ ಬಂದಿರದ ನಡುವಣ ಹೊತ್ತಿನಲ್ಲಿ, ಅರಸನಿಲ್ಲದ ನಾಡಿನಲ್ಲಿ ಮಳೆಯಾಗದು, ಬಿತ್ತನೆ ನಡೆಯದು, ಮಗ ತಂದೆಯ ಅಂಕೆಯಲ್ಲಿರಲಾರ ಎಂಬ ಆತಂಕಗಳ ದೀರ್ಘ ಪಟ್ಟಿಯೇ ಬರುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯದ ಉಪಮೆಯನ್ನು ಕೌಟಿಲ್ಯನ ಅರ್ಥಶಾಸ್ತ್ರವೂ ಮಹಾಭಾರತದ ಶಾಂತಿಪರ್ವವೂ ಬಳಸುತ್ತವೆ. ವಿಶೇಷವೆಂದರೆ, ಅದೇ ಶಾಂತಿಪರ್ವದಲ್ಲಿ ಭೀಷ್ಮನು ಇನ್ನೊಂದು ಕಾಲವನ್ನೂ ನೆನೆಯುತ್ತಾನೆ. ಆ ಕಾಲದಲ್ಲಿ ಅರಸನೂ ಇರಲಿಲ್ಲ, ದಂಡವೂ ಇರಲಿಲ್ಲ. ಜನರು ಧರ್ಮವೊಂದರ ಬಲದಿಂದಲೇ ಒಬ್ಬರನ್ನೊಬ್ಬರು ಕಾಪಾಡಿಕೊಂಡಿದ್ದರು. ಎಂದರೆ ಅರಸನಿಲ್ಲದ ಸ್ಥಿತಿಗೆ ನಮ್ಮ ಪರಂಪರೆಯಲ್ಲಿ ಎರಡು ಚಿತ್ರಗಳಿದ್ದವು. 'ಅರಾಜಕ' ಎಂಬ ಪದವು ಅವುಗಳಲ್ಲಿ ಒಂದಕ್ಕೆ ಮಾತ್ರ ಅಂಟಿಕೊಂಡಿತು.

ಯುರೋಪಿನ ಭಾಷೆಗಳಲ್ಲಿಯೂ ನಡೆದದ್ದು ಬಹುಮಟ್ಟಿಗೆ ಇದೇ. ಆಳುವವನಿಲ್ಲದ ಸ್ಥಿತಿ ಎಂಬ ಅರ್ಥದ ಗ್ರೀಕ್ ಮೂಲದ 'ಅನಾರ್ಕಿ' ಎಂಬ ಮಾತು ಬಹುಕಾಲ ಬೈಗುಳವಾಗಿಯೇ ಇತ್ತು. 1840ರಲ್ಲಿ ಪ್ರಕಟವಾದ 'ಸ್ವತ್ತು ಎಂದರೇನು?' ಎಂಬ ಗ್ರಂಥದಲ್ಲಿ ಫ್ರಾನ್ಸಿನ ಪಿಯರ್ ಜೋಸೆಫ್ ಪ್ರೂಧಾನ್ ಆ ಬೈಗುಳವನ್ನು ತನ್ನ ಹೆಸರನ್ನಾಗಿ ಸ್ವೀಕರಿಸಿದ. ಅಲ್ಲಿಂದ ಮುಂದೆ ಅದೊಂದು ರಾಜಕೀಯ ತತ್ವದ ಹೆಸರಾಯಿತು. ಕನ್ನಡದಲ್ಲಿ ನಾವು ಅದಕ್ಕೆ 'ವಾದ' ಎಂಬ ಪ್ರತ್ಯಯವನ್ನು ಸೇರಿಸಿ 'ಅರಾಜಕತಾವಾದ' ಎಂದು ಕರೆದಿದ್ದೇವೆ. ಆದರೆ ಪ್ರತ್ಯಯ ಸೇರಿದ ಮಾತ್ರಕ್ಕೆ ಪದದ ಹಳೆಯ ವಾಸನೆ ಹೋಗುವುದಿಲ್ಲ.

ಇದಕ್ಕೆ 'ಮಾರುಕಟ್ಟೆ' ಎಂಬ ವಿಶೇಷಣವನ್ನೂ ಸೇರಿಸಿದರೆ ತೊಡಕು ಇಮ್ಮಡಿಯಾಗುತ್ತದೆ. 1991ರ ಆರ್ಥಿಕ ನೀತಿಯ ನಂತರದ ಕನ್ನಡ ಸಾಹಿತ್ಯ ವಿಮರ್ಶೆಯಲ್ಲಿ 'ಮಾರುಕಟ್ಟೆ' ಎಂಬುದು ಜಾಗತೀಕರಣದ ಪರ್ಯಾಯನಾಮವೇ ಆಗಿಬಿಟ್ಟಿದೆ. ಬಹುರಾಷ್ಟ್ರೀಯ ಕಂಪನಿ, ಜಾಹೀರಾತು, ಕೊಳ್ಳುಬಾಕ ಸಂಸ್ಕೃತಿ ಇವೆಲ್ಲ ಆ ಒಂದು ಪದದೊಳಗೆ ಅಡಗಿವೆ. ಹೀಗಾಗಿ 'ಮಾರುಕಟ್ಟೆಯ ಅರಾಜಕತಾವಾದ' ಎಂದೊಡನೆ ಕಂಪನಿಗಳಿಗೆ ಕಡಿವಾಣವೇ ಬೇಡವೆನ್ನುವ ಸಿದ್ಧಾಂತವಿರಬೇಕೆಂದು ಊಹಿಸುವುದು ಸಹಜ. ಈ ಪರಂಪರೆಯ ಒಂದು ಕವಲಿಗೆ ಆ ಊಹೆ ಸಲ್ಲುತ್ತದೆ. ಆದರೆ ಅದರ ಮೂಲ ಪ್ರವರ್ತಕರು ತಮ್ಮನ್ನು ಸಮಾಜವಾದಿಗಳೆಂದೇ ಕರೆದುಕೊಂಡಿದ್ದರು. ಬಡ್ಡಿ, ಗೇಣಿ, ಲಾಭಗಳನ್ನು ದುಡಿಮೆಯ ಮೇಲಿನ ಸುಲಿಗೆಯೆಂದು ಭಾವಿಸಿದ್ದರು. ಸರ್ಕಾರವನ್ನು ಅವರು ವಿರೋಧಿಸಿದ್ದು ಅದು ಉಳ್ಳವರನ್ನು ಕಟ್ಟಿಹಾಕುತ್ತದೆ ಎಂಬ ಕಾರಣಕ್ಕಲ್ಲ, ಉಳ್ಳವರನ್ನು ಸೃಷ್ಟಿಸುತ್ತದೆ ಎಂಬ ಕಾರಣಕ್ಕೆ. ಈ ವ್ಯತ್ಯಾಸವನ್ನು ಅರಿಯದೆ 'ಪ್ರಭುತ್ವ' ಮತ್ತು 'ಮಾರುಕಟ್ಟೆ'ಗಳ ಬಗೆಗಿನ ನಮ್ಮ ಚರ್ಚೆ ಪೂರ್ಣವಾಗಲಾರದೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಮೂವರು ಚಿಂತಕರು ಮತ್ತು ಒಂದು ಪತ್ರಿಕೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಇದನ್ನು ಇಲ್ಲಿ ವಿವೇಚಿಸಲಾಗಿದೆ.

2

ಈ ಪರಂಪರೆಯ ಮೊದಲ ಹೆಸರು ಜೋಸಾಯಾ ವಾರನ್ (1798–1874). ಈತ ಗ್ರಂಥಗಳಿಂದ ಸಿದ್ಧಾಂತಕ್ಕೆ ಬಂದವನಲ್ಲ. ಸಂಗೀತಗಾರ, ಯಂತ್ರಕುಶಲಿ, ಅಚ್ಚಿನ ಮೊಳೆಗಳನ್ನು ತಾನೇ ಎರಕ ಹೊಯ್ದುಕೊಂಡ ಮುದ್ರಕ. ರಾಬರ್ಟ್ ಓವೆನ್ ಇಂಡಿಯಾನಾ ಪ್ರಾಂತದಲ್ಲಿ 1825ರಲ್ಲಿ ಆರಂಭಿಸಿದ 'ನ್ಯೂ ಹಾರ್ಮನಿ' ಎಂಬ ಸಾಮುದಾಯಿಕ ವಸಾಹತಿಗೆ ವಾರನ್ ತನ್ನ ಕುಟುಂಬದೊಡನೆ ಸೇರಿದ. ಎಲ್ಲವೂ ಎಲ್ಲರದು ಎಂಬ ಆ ಪ್ರಯೋಗ ಎರಡೇ ವರ್ಷಗಳಲ್ಲಿ ಕುಸಿಯಿತು. ಸೋಲಿಗೆ ಹಲವರು ಜನರ ಸ್ವಾರ್ಥವನ್ನು ದೂರಿದರೆ, ವಾರನ್ ತಲುಪಿದ ತೀರ್ಮಾನ ಬೇರೆಯಾಗಿತ್ತು. ಪ್ರತಿಯೊಬ್ಬರ ಬದುಕನ್ನೂ ಒಂದೇ ಹಗ್ಗದಲ್ಲಿ ಬಿಗಿದರೆ ಪ್ರತಿಯೊಂದು ಭಿನ್ನಾಭಿಪ್ರಾಯವೂ ಜಗಳವಾಗುತ್ತದೆ. ಆದ್ದರಿಂದ ಸಹಬಾಳ್ವೆಗೆ ಬೇಕಾದದ್ದು ಒಗ್ಗೂಡಿಕೆಗಿಂತ ಹೆಚ್ಚಾಗಿ ಬೇರ್ಪಡುವ ಸ್ವಾತಂತ್ರ್ಯ ಎಂದು ಆತ ಕಂಡುಕೊಂಡ.

1827ರಲ್ಲಿ ಸಿನ್ಸಿನಾಟಿ ನಗರದಲ್ಲಿ ಆತ ತೆರೆದ ಅಂಗಡಿ ಈ ತೀರ್ಮಾನದ ಪರೀಕ್ಷೆಯಾಗಿತ್ತು. 'ಟೈಮ್ ಸ್ಟೋರ್' ಎಂದು ಹೆಸರಾದ ಈ ಅಂಗಡಿಯ ವ್ಯವಹಾರ ಕುತೂಹಲಕರವಾಗಿದೆ. ಸರಕು ಎಷ್ಟಕ್ಕೆ ಬಂದಿತೋ ಆ ಅಸಲು ಬೆಲೆ ಗ್ರಾಹಕರಿಗೆ ಕಾಣುವಂತೆ ಇರುತ್ತಿತ್ತು. ಸಾಗಣೆ ಮುಂತಾದ ಖರ್ಚುಗಳಿಗಾಗಿ ಅದರ ಮೇಲೆ ಸ್ವಲ್ಪ ಸೇರಿಸಲಾಗುತ್ತಿತ್ತು, ಲಾಭ ಎಂಬುದಿರಲಿಲ್ಲ. ಆದರೆ ಗ್ರಾಹಕ ಅಂಗಡಿಯವನ ಎಷ್ಟು ಹೊತ್ತನ್ನು ತೆಗೆದುಕೊಂಡನೆಂಬುದನ್ನು ಗೋಡೆಯ ಗಡಿಯಾರ ಅಳೆಯುತ್ತಿತ್ತು. ಅಷ್ಟು ಹೊತ್ತಿನ ತನ್ನ ದುಡಿಮೆಯನ್ನು ಕೊಡುವುದಾಗಿ ಗ್ರಾಹಕ ಚೀಟಿ ಬರೆದುಕೊಡಬೇಕಾಗಿತ್ತು. ಬಡಗಿಯಾದವನು ಇಷ್ಟು ನಿಮಿಷದ ಬಡಗಿ ಕೆಲಸವನ್ನು, ಹೊಲಿಗೆಯವಳು ಇಷ್ಟು ನಿಮಿಷದ ಹೊಲಿಗೆಯನ್ನು ಬರೆದುಕೊಡುತ್ತಿದ್ದರು. ಈ ಚೀಟಿಗಳೇ ನಾಣ್ಯದಂತೆ ಚಲಾವಣೆಯಾದವು. ಚೌಕಾಶಿಗೆ ಇಲ್ಲಿ ಅರ್ಥವಿರಲಿಲ್ಲ. ಚೌಕಾಶಿ ಮಾಡಿದಷ್ಟೂ ಗಡಿಯಾರ ಓಡುತ್ತಿತ್ತು! ಮೂರು ವರ್ಷ ನಡೆಸಿ, ತನಗೆ ಬೇಕಾದುದು ಸಿದ್ಧವಾಯಿತೆಂದು 1830ರಲ್ಲಿ ವಾರನ್ ತಾನಾಗಿಯೇ ಅಂಗಡಿ ಮುಚ್ಚಿದ. 'ಬೆಲೆಗೆ ವೆಚ್ಚವೇ ಮಿತಿ' ಎಂಬುದು ಆತನ ಸೂತ್ರ. ಮುಂದೆ 1833ರಲ್ಲಿ 'ದಿ ಪೀಸ್‌ಫುಲ್ ರೆವಲ್ಯೂಷನಿಸ್ಟ್' ಎಂಬ ಪತ್ರಿಕೆಯನ್ನೂ, 1851ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ 'ಮಾಡರ್ನ್ ಟೈಮ್ಸ್' ಎಂಬ ವಸಾಹತನ್ನೂ ಆತ ಆರಂಭಿಸಿದ.

ಈ ಅಂಗಡಿಯಲ್ಲಿ ಮಾರುಕಟ್ಟೆಯಿದೆ, ಲಾಭವಿಲ್ಲ. ಹಣವಿದೆ, ಸರ್ಕಾರದ ಮುದ್ರೆಯಿಲ್ಲ. ಕನ್ನಡದ 'ಸಂತೆ' ಎಂಬ ಪದಕ್ಕೆ ಇದು 'ಮಾರುಕಟ್ಟೆ'ಗಿಂತ ಹತ್ತಿರವೆಂದು ತೋರುತ್ತದೆ. ಬೆಳೆದವರೂ ಮಾಡಿದವರೂ ಮುಖಾಮುಖಿ ನಿಂತು ವಿನಿಮಯ ನಡೆಸುವ ಸ್ಥಳ ಸಂತೆ. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನಮ್ಮ ವಿಭಾಗಗಳಲ್ಲಿ ಹೊರಗಿನ ಯಾವುದೇ ಚಿಂತನೆ ಎದುರಾದಾಗ ಅದರ ಬೀಜವನ್ನು ವಚನಗಳಲ್ಲಿ ತೋರಿಸಿಕೊಡುವ ಉತ್ಸಾಹವೊಂದಿದೆ. ಕಾಯಕ ಮತ್ತು ದಾಸೋಹಗಳನ್ನು ವಾರನ್‌ನ ದುಡಿಮೆಯ ಚೀಟಿಯ ಪಕ್ಕದಲ್ಲಿಡುವುದು ಸುಲಭ. ಆದರೆ ಕಾಯಕದ ನೆಲೆ ಭಕ್ತಿಯದು, ಚೀಟಿಯ ನೆಲೆ ಲೆಕ್ಕದ್ದು. ಈ ಹೋಲಿಕೆಯನ್ನು ನಾನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ.

3

ವಾರನ್ ಸರ್ಕಾರವನ್ನು ಬದಿಗೆ ಸರಿಸಿ ನಡೆದವನಾದರೆ, ಲೈಸಾಂಡರ್ ಸ್ಪೂನರ್ (1808–1887) ಅದನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸಿದವನು. ಮ್ಯಾಸಚೂಸೆಟ್ಸ್‌ನ ರೈತ ಕುಟುಂಬದ ಈತ ವೃತ್ತಿಯಿಂದ ವಕೀಲ. ಕಾಲೇಜು ಪದವಿ ಇದ್ದವರು ಮೂರು ವರ್ಷ, ಇಲ್ಲದವರು ಐದು ವರ್ಷ ವಕೀಲರ ಕೈಕೆಳಗೆ ಅಭ್ಯಾಸ ಮಾಡಬೇಕೆಂಬ ನಿಯಮ ಅಲ್ಲಿತ್ತು. ಬಡವನಿಗೆ ಐದು, ಉಳ್ಳವನಿಗೆ ಮೂರು ಎಂಬ ಈ ಲೆಕ್ಕವನ್ನು ಧಿಕ್ಕರಿಸಿ ಆತ ಮೂರೇ ವರ್ಷಕ್ಕೆ ವಕೀಲಿ ಆರಂಭಿಸಿದ. 1836ರಲ್ಲಿ ಶಾಸನಸಭೆ ಆ ನಿಯಮವನ್ನು ತೆಗೆದುಹಾಕಿತು.

ಆದರೆ ಸ್ಪೂನರ್ ಹೆಸರಾದದ್ದು ಅಂಚೆಯಿಂದ. 1840ರ ದಶಕದ ಆರಂಭದಲ್ಲಿ ಅಮೆರಿಕದ ಸರ್ಕಾರಿ ಅಂಚೆಯ ದರ ದೂರಕ್ಕೆ ತಕ್ಕಂತೆ ಏರುತ್ತಿತ್ತು. ನಾಲ್ಕುನೂರು ಮೈಲಿ ದಾಟಿದರೆ ಒಂದು ಹಾಳೆಯ ಪತ್ರಕ್ಕೆ 25 ಸೆಂಟು. 1844ರಲ್ಲಿ ಸ್ಪೂನರ್ 'ಅಮೆರಿಕನ್ ಲೆಟರ್ ಮೇಲ್ ಕಂಪನಿ' ಎಂಬ ಖಾಸಗಿ ಅಂಚೆಯನ್ನು ಸ್ಥಾಪಿಸಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ನಗರಗಳ ನಡುವೆ ಪತ್ರ ಸಾಗಿಸತೊಡಗಿದ. ಡಾಲರಿಗೆ ಇಪ್ಪತ್ತು ಎಂದು ಅಚ್ಚಾದ ಅಂಚೆಚೀಟಿಗಳನ್ನು ಆತ ಮಾರಿದ. ದೇಶಕ್ಕೆಲ್ಲ ಅನ್ವಯಿಸುವ ಅಂಚೆಚೀಟಿಯನ್ನು ಸರ್ಕಾರ ಹೊರತಂದದ್ದು 1847ರಲ್ಲಿ. ವಿಚಿತ್ರವೆಂದರೆ ಆತ ಇದನ್ನು ಗುಟ್ಟಾಗಿ ಮಾಡಲಿಲ್ಲ. ಅಂಚೆಯ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವನ್ನು ಸಂವಿಧಾನ ಕೊಟ್ಟಿಲ್ಲವೆಂದು ವಾದಿಸುವ ಪುಸ್ತಿಕೆಯನ್ನೂ ಪ್ರಕಟಿಸಿದ. ಸಂವಿಧಾನವು ಅಂಚೆಯನ್ನು ಸ್ಥಾಪಿಸುವ ಅಧಿಕಾರ ಕೊಟ್ಟಿದೆ, ಇತರರು ಸ್ಥಾಪಿಸದಂತೆ ತಡೆಯುವ ಅಧಿಕಾರ ಕೊಟ್ಟಿಲ್ಲ ಎಂಬುದು ವಾದದ ಸಾರ. ಸರ್ಕಾರ ಮೊಕದ್ದಮೆಗಳ ಮೂಲಕ ಕಂಪನಿಯನ್ನು ಮುಚ್ಚಿಸಿತು. ಆದರೆ 1845ರ ಕಾಯಿದೆಯ ಮೂಲಕ ತನ್ನ ದರವನ್ನು ಮುನ್ನೂರು ಮೈಲಿಯವರೆಗೆ 5 ಸೆಂಟಿಗೆ ಇಳಿಸಿತು; 1851ರಲ್ಲಿ ಮತ್ತೆ 3 ಸೆಂಟಿಗೆ ಇಳಿಸಿತು. ಈ ಪರಂಪರೆಯ ಬರಹಗಾರರು ಇದನ್ನು ಸ್ಪೂನರ್‌ನ ಗೆಲುವೆಂದೇ ಇಂದಿಗೂ ಹೇಳುತ್ತಾರೆ. ಅದು ಅರ್ಧಸತ್ಯ. ಆಗ ಬೇರೆ ಖಾಸಗಿ ಅಂಚೆಗಳೂ ಇದ್ದವು. ಜೊತೆಗೆ 1840ರಲ್ಲಿ ಬ್ರಿಟನ್ನಿನಲ್ಲಿ ರೋಲೆಂಡ್ ಹಿಲ್‌ನ ಯೋಜನೆಯಂತೆ ಜಾರಿಗೆ ಬಂದ ಒಂದು ಪೆನ್ನಿಯ ಅಂಚೆಯ ಮಾದರಿಯೂ ಎದುರಿಗಿತ್ತು. ಅದು ಸರ್ಕಾರವೇ ಮಾಡಿದ ಸುಧಾರಣೆ.

ಗುಲಾಮಗಿರಿಯ ಪ್ರಶ್ನೆಯಲ್ಲಿ ಸ್ಪೂನರ್‌ನ ನಿಲುವು ಇನ್ನಷ್ಟು ತೀಕ್ಷ್ಣವಾದುದು. ಗುಲಾಮಗಿರಿ ಸಂವಿಧಾನಬಾಹಿರವೆಂದು 1845ರಲ್ಲಿಯೇ ಗ್ರಂಥ ಬರೆದ ಆತ, 1858ರಲ್ಲಿ ಗುಲಾಮರೇ ದಂಗೆಯೆದ್ದು ಬಿಡುಗಡೆ ಪಡೆಯುವ ಯೋಜನೆಯನ್ನು ಮುದ್ರಿಸಿದ. ಆದರೆ ಅಂತರ್ಯುದ್ಧ ಬಂದಾಗ ಉತ್ತರದ ಸರ್ಕಾರವನ್ನು ಬೆಂಬಲಿಸಲಿಲ್ಲ. ಒಪ್ಪಿಗೆಯಿಲ್ಲದವರನ್ನು ಯುದ್ಧದಿಂದ ಒಕ್ಕೂಟದಲ್ಲಿ ಉಳಿಸಿಕೊಳ್ಳುವುದಾದರೆ ಒಪ್ಪಿಗೆಯ ಸರ್ಕಾರವೆಂಬ ಮಾತಿಗೆ ಅರ್ಥವೇನು ಎಂಬುದು ಆತನ ಪ್ರಶ್ನೆ. 1867ರಿಂದ 1870ರ ಅವಧಿಯಲ್ಲಿ ಬಂದ 'ನೋ ಟ್ರೀಸನ್' ಪುಸ್ತಿಕೆಗಳು ಈ ಪ್ರಶ್ನೆಯನ್ನು ಕೊನೆಯವರೆಗೂ ಬೆಳೆಸುತ್ತವೆ.

ಅಲ್ಲಿ ಆತ ಬಳಸುವುದು ತತ್ವಶಾಸ್ತ್ರದ ಪರಿಭಾಷೆಯನ್ನಲ್ಲ, ಕರಾರು ಪತ್ರದ ಕಾನೂನನ್ನು. ಸಂವಿಧಾನವು ಒಂದು ಕರಾರೆಂದಾದರೆ ಅದಕ್ಕೆ ಸಹಿ ಹಾಕಿದವರಾರು? ಹಾಕಿದವರು ಸತ್ತಿದ್ದಾರೆ; ತಾತನ ಕರಾರು ಮೊಮ್ಮಗನನ್ನು ಕಟ್ಟಿಹಾಕದು. ಮತ ಹಾಕಿದ್ದೇ ಸಹಿಯೆನ್ನೋಣವೇ? ಮತ ಗುಪ್ತವಾದುದು, ಯಾರು ಯಾರನ್ನು ನೇಮಿಸಿದರೆಂಬುದಕ್ಕೆ ದಾಖಲೆಯೇ ಇಲ್ಲ. ಮೇಲಾಗಿ ಹಾಕದಿದ್ದರೂ ಆಳಿಸಿಕೊಳ್ಳುವುದು ತಪ್ಪದು. ತೆರಿಗೆ ಕೊಟ್ಟದ್ದೇ ಒಪ್ಪಿಗೆಯೇ? ಕೊಡದಿದ್ದರೆ ಜೈಲು. ಇಲ್ಲಿ ಸ್ಪೂನರ್ ದಾರಿಗಳ್ಳನ ಹೋಲಿಕೆಯನ್ನು ತರುತ್ತಾನೆ. ದಾರಿಗಳ್ಳ ಹಣ ಕಿತ್ತುಕೊಂಡು ತನ್ನ ದಾರಿ ಹಿಡಿಯುತ್ತಾನೆ. ನಿನ್ನ ರಕ್ಷಣೆಗಾಗಿಯೇ ಕಿತ್ತುಕೊಂಡೆನೆಂದು ಹೇಳಿ ಜೀವನಪರ್ಯಂತ ಬೆನ್ನಹಿಂದೆ ಬರುವುದಿಲ್ಲ. ಈ ಹೋಲಿಕೆ ಮುಂದೆ ಅರಾಜಕತಾವಾದಿ ಬರವಣಿಗೆಯಲ್ಲಿ ಸವೆದ ನಾಣ್ಯವಾಯಿತು. ಆದರೆ ಸಾಮಾಜಿಕ ಒಪ್ಪಂದದ ಸಿದ್ಧಾಂತವನ್ನು ಒಬ್ಬ ವಕೀಲ ಅಕ್ಷರಶಃ ಒಪ್ಪಂದವೆಂದೇ ಓದಿದರೆ ಏನಾಗುತ್ತದೆ ಎಂಬುದಕ್ಕೆ ಈ ಪುಸ್ತಿಕೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

4

ಈ ಎರಡು ಎಳೆಗಳನ್ನು ಒಂದು ಕಡೆ ನೇಯ್ದದ್ದು ಬೆಂಜಮಿನ್ ಟಕ್ಕರ್ (1854–1939). 1876ರಲ್ಲಿ ಪ್ರೂಧಾನ್‌ನ ಗ್ರಂಥವನ್ನು ಇಂಗ್ಲಿಷಿಗೆ ತಂದ ಈತ 1881ರ ಆಗಸ್ಟಿನಲ್ಲಿ ಬಾಸ್ಟನ್ನಿನಿಂದ 'ಲಿಬರ್ಟಿ' ಪತ್ರಿಕೆಯನ್ನು ಆರಂಭಿಸಿದ. ಸ್ವಾತಂತ್ರ್ಯವನ್ನು ಸುವ್ಯವಸ್ಥೆಯ ಮಗಳಲ್ಲ, ತಾಯಿಯೆಂದು ಕಂಡ ಪ್ರೂಧಾನ್‌ನ ಮಾತು ಅದರ ಶಿರೋನಾಮೆಯಲ್ಲಿತ್ತು. 1892ರಲ್ಲಿ ಪತ್ರಿಕೆ ನ್ಯೂಯಾರ್ಕಿಗೆ ಹೋಯಿತು; 1908ರವರೆಗೆ ನಾಲ್ಕುನೂರಕ್ಕೂ ಮಿಕ್ಕಿ ಸಂಚಿಕೆಗಳು ಬಂದವು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪತ್ರಿಕೆಯ ಇನ್ನೊಂದು ಮುಖವೂ ಮುಖ್ಯ. 1882ರಲ್ಲಿ ವಾಲ್ಟ್ ವಿಟ್ಮನ್‌ನ 'ಲೀವ್ಸ್ ಆಫ್ ಗ್ರಾಸ್' ಸಂಕಲನವನ್ನು ಅಶ್ಲೀಲವೆಂದು ಬಾಸ್ಟನ್ನಿನ ಸರ್ಕಾರಿ ವಕೀಲರು ಬೆದರಿಸಿದಾಗ ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಟಕ್ಕರ್ ಮಾತ್ರ ತಾನು ಅದನ್ನು ಮಾರುತ್ತಿದ್ದೇನೆಂದು ತನ್ನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅಧಿಕಾರಿಗಳಿಗೆ ಸವಾಲೆಸೆದ. 1890ರಲ್ಲಿ ಟಾಲ್‌ಸ್ಟಾಯ್‌ನ 'ಕ್ರೂಟ್ಸರ್ ಸೊನಾಟಾ' ಕೃತಿಯನ್ನು ಅನುವಾದಿಸಿ ಪ್ರಕಟಿಸಿದ. ಆ ವರ್ಷವೇ ಅಮೆರಿಕದ ಅಂಚೆ ಇಲಾಖೆ ಆ ಕೃತಿಯ ಸಾಗಣೆಯನ್ನು ತಡೆಯಿತು. ಆಧುನಿಕ ಕಲೆಯನ್ನು ರೋಗವೆಂದು ವಾದಿಸಿದ ಮ್ಯಾಕ್ಸ್ ನೋರ್ಡೊಗೆ ಜಾರ್ಜ್ ಬರ್ನಾರ್ಡ್ ಷಾ ಬರೆದ ಪ್ರಸಿದ್ಧ ಉತ್ತರ ಮೊದಲು ಅಚ್ಚಾದದ್ದು 1895ರ 'ಲಿಬರ್ಟಿ'ಯಲ್ಲಿ. ಸರ್ಕಾರಕ್ಕೆ ಪತ್ರ ಸಾಗಿಸುವ ಏಕಸ್ವಾಮ್ಯವಿದ್ದರೆ ಓದುವುದನ್ನು ತಡೆಯುವ ಅಧಿಕಾರವೂ ಅದಕ್ಕೆ ದಕ್ಕುತ್ತದೆ ಎಂಬುದಕ್ಕೆ, ಸ್ಪೂನರ್‌ನ ಅಂಚೆಯ ಜಗಳವಾಗಿ ಅರ್ಧ ಶತಮಾನ ಕಳೆಯುವುದರೊಳಗೆ, ಇಂತಹ ನಿದರ್ಶನಗಳು ಒದಗಿದವು.

ಟಕ್ಕರ್‌ನ ಚಿಂತನೆಯ ತಿರುಳು 1888ರಲ್ಲಿ ಪ್ರಕಟವಾದ, ಪ್ರಭುತ್ವ ಸಮಾಜವಾದ ಮತ್ತು ಅರಾಜಕತಾವಾದಗಳ ಸಾಮ್ಯ ವೈಷಮ್ಯಗಳನ್ನು ಕುರಿತ ಪ್ರಬಂಧದಲ್ಲಿದೆ. ದುಡಿಮೆಯೇ ಮೌಲ್ಯದ ಮೂಲ. ದುಡಿದವನಿಗೆ ದುಡಿಮೆಯ ಪೂರ್ಣಫಲ ದೊರೆಯುತ್ತಿಲ್ಲ. ಬಡ್ಡಿ, ಗೇಣಿ, ಲಾಭಗಳ ರೂಪದಲ್ಲಿ ಅದು ಸೋರಿಹೋಗುತ್ತಿದೆ. ಇಷ್ಟರವರೆಗೆ ಮಾರ್ಕ್ಸ್ ಮತ್ತು ಪ್ರೂಧಾನ್ ಒಂದೇ ದಾರಿಯಲ್ಲಿದ್ದಾರೆಂದು ಟಕ್ಕರ್ ಹೇಳುತ್ತಾನೆ. ದಾರಿ ಕವಲೊಡೆಯುವುದು ಪರಿಹಾರದಲ್ಲಿ. ಎಲ್ಲ ಏಕಸ್ವಾಮ್ಯಗಳನ್ನೂ ಪ್ರಭುತ್ವವೆಂಬ ಒಂದೇ ಮಹಾ ಏಕಸ್ವಾಮ್ಯದಲ್ಲಿ ಕೂಡಿಸುವುದು ಮಾರ್ಕ್ಸ್‌ನ ಮಾರ್ಗ. ಏಕಸ್ವಾಮ್ಯಗಳನ್ನು ಎತ್ತಿ ನಿಲ್ಲಿಸಿರುವ ಕಾನೂನುಗಳನ್ನೇ ಕಿತ್ತುಹಾಕಿ, ಪೈಪೋಟಿಯನ್ನು ಕೂಲಿಯವನ ಮೇಲಷ್ಟೇ ಅಲ್ಲದೆ ಬಂಡವಾಳಗಾರನ ಮೇಲೂ ಹೇರುವುದು ಎರಡನೆಯ ಮಾರ್ಗ. ಅಂದಿನ ಅರ್ಥಶಾಸ್ತ್ರಜ್ಞರ ಮೇಲೆ ಆತನ ಆಕ್ಷೇಪ ಇಲ್ಲಿಯೇ ಇದೆ: ಕೂಲಿಯ ಬೆಲೆಯನ್ನು ಇಳಿಸುವ ಪೈಪೋಟಿ ಅವರಿಗೆ ಬೇಕು, ಬಡ್ಡಿಯ ಬೆಲೆಯನ್ನು ಇಳಿಸುವ ಪೈಪೋಟಿ ಬೇಡ.

ಟಕ್ಕರ್ ಗುರುತಿಸುವ ಏಕಸ್ವಾಮ್ಯಗಳು ನಾಲ್ಕು: ಹಣ, ಭೂಮಿ, ಆಮದು ಸುಂಕ, ಮತ್ತು ಪೇಟೆಂಟು-ಕೃತಿಸ್ವಾಮ್ಯಗಳು. ಸುಂಕದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹಣದ್ದೇ ಆತನಿಗೆ ಎಲ್ಲಕ್ಕಿಂತ ದೊಡ್ಡದು. ನೋಟು ಹೊರಡಿಸುವ ಹಕ್ಕನ್ನು ಕಾನೂನು ಕೆಲವು ಬ್ಯಾಂಕುಗಳಿಗಷ್ಟೇ ಕೊಟ್ಟಿರುವುದರಿಂದ ಸಾಲವು ದುರ್ಲಭವಾಗಿದೆ. ಬಡ್ಡಿ ಎಂಬುದು ಆ ಕೃತಕ ಕೊರತೆಯ ಬೆಲೆ. ಯಾರು ಬೇಕಾದರೂ ತಮ್ಮ ಆಸ್ತಿ ಅಥವಾ ಬೆಳೆಯ ಆಧಾರದ ಮೇಲೆ ಪರಸ್ಪರ ಬ್ಯಾಂಕು ಕಟ್ಟಿಕೊಂಡು ಚೀಟಿ ಹೊರಡಿಸುವಂತಾದರೆ ಬಡ್ಡಿ ಬ್ಯಾಂಕು ನಡೆಸುವ ವೆಚ್ಚದ ಮಟ್ಟಕ್ಕೆ ಇಳಿಯುತ್ತದೆ. ಆಗ ಕೂಲಿಕಾರ ತಾನೇ ಕಸುಬು ಆರಂಭಿಸಬಲ್ಲ. ಕೆಲಸಗಾರರನ್ನು ಹುಡುಕುತ್ತ ಮಾಲೀಕ ಅಲೆಯಬೇಕಾಗುತ್ತದೆ. ಭೂಮಿಯ ಬಗ್ಗೆ ಆತನ ಮಾತು ಇನ್ನೂ ನೇರ: ವಾಸವಾಗಿರುವವರದೇ ಮನೆ, ಉಳುವವರದೇ ನೆಲ. ದೂರದಲ್ಲಿ ಕುಳಿತು ಗೇಣಿ ವಸೂಲಿ ಮಾಡುವವನ ಹಕ್ಕುಪತ್ರವು ಸರ್ಕಾರದ ಪೊಲೀಸರ ಬಲದಿಂದಷ್ಟೇ ನಿಂತಿದೆ. ಆ ಬಲ ಹಿಂದೆ ಸರಿದರೆ ಪತ್ರ ಬರಿಯ ಕಾಗದ. ಕೃತಿಸ್ವಾಮ್ಯವನ್ನು ಆತ ವಿರೋಧಿಸಿದ್ದು ಇನ್ನೂ ಸ್ವಾರಸ್ಯಕರ. ಆತ ಸ್ವತಃ ಪ್ರಕಾಶಕ. 1893ರಲ್ಲಿ ಪುಸ್ತಕ ಬರೆಯಲು ಬಿಡುವಿಲ್ಲದವನ ಪುಸ್ತಕವೆಂಬ ಅರ್ಥದ ಹೆಸರಿಟ್ಟು ತನ್ನ ಬರಹಗಳನ್ನು ಸಂಕಲಿಸಿ ಹೊರತಂದವನು.

ರಕ್ಷಣೆಯೂ ಟಕ್ಕರ್‌ಗೆ ಒಂದು ಸೇವೆ ಮಾತ್ರ. ಬೇಕಾದವರು ಕೊಂಡುಕೊಳ್ಳಲಿ, ಬೇಡವಾದವರ ಮೇಲೆ ಹೇರುವುದು ಬೇಡ. ಬಾಂಬಿನಲ್ಲಿ ಆತನಿಗೆ ನಂಬಿಕೆಯಿರಲಿಲ್ಲ. 1886ರ ಷಿಕಾಗೋ ಹೇಮಾರ್ಕೆಟ್ ಪ್ರಕರಣದಲ್ಲಿ ಗಲ್ಲಿಗೇರಿದವರ ಕಾರ್ಯಕ್ರಮವನ್ನು ಒಪ್ಪದಿದ್ದರೂ ಅವರಿಗಾದ ಶಿಕ್ಷೆಯನ್ನು ಆತ ಖಂಡಿಸಿದ. ತೆರಿಗೆ ನಿರಾಕರಣೆ, ಪರ್ಯಾಯ ಬ್ಯಾಂಕು, ಅಚ್ಚಿನ ಮನೆ ಇವೇ ಆತನ ಆಯುಧಗಳು. 1908ರ ಜನವರಿಯಲ್ಲಿ ಆತನ ಪುಸ್ತಕದ ದಾಸ್ತಾನು ಬೆಂಕಿಗೆ ಆಹುತಿಯಾಯಿತು, ವಿಮೆ ಇರಲಿಲ್ಲ. ಪತ್ರಿಕೆ ನಿಂತಿತು. ಆತ ಫ್ರಾನ್ಸಿಗೆ ಹೋದವನು ಮತ್ತೆ ಅಮೆರಿಕದಲ್ಲಿ ನೆಲೆಸಲಿಲ್ಲ.

ನನ್ನ ದೃಷ್ಟಿಯಲ್ಲಿ ಟಕ್ಕರ್‌ನ ಬರಹಗಳಲ್ಲೆಲ್ಲ ಅತ್ಯಂತ ಗಮನಾರ್ಹವಾದುದು 1911ರಲ್ಲಿ ಆತ ಮೇಲೆ ಹೇಳಿದ ಪ್ರಬಂಧಕ್ಕೆ ಸೇರಿಸಿದ ಹಿನ್ನುಡಿ. ತಾನು ಪ್ರಬಂಧ ಬರೆದ ಕಾಲದಲ್ಲಿ ಏಕಸ್ವಾಮ್ಯದ ಕಾನೂನುಗಳನ್ನು ತೆಗೆದುಹಾಕಿದ್ದರೆ ಸಾಕಾಗುತ್ತಿತ್ತು. ಈಗ ಹಾಗಿಲ್ಲ ಎಂದು ಆತ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಆ ಕಾನೂನುಗಳ ನೆರಳಿನಲ್ಲಿ ಬೆಳೆದ ಟ್ರಸ್ಟುಗಳು ಎಷ್ಟು ದೈತ್ಯಾಕಾರ ತಳೆದಿವೆಯೆಂದರೆ ನಾಳೆಯೇ ಬ್ಯಾಂಕಿಂಗ್ ಮುಕ್ತವಾದರೂ ಅವುಗಳನ್ನು ಮಣಿಸಲಾಗದು. ಮೊದಲು ಬೇರೆ ಶಕ್ತಿಗಳು, ರಾಜಕೀಯವೋ ಕ್ರಾಂತಿಯೋ, ಆ ಕೆಲಸ ಮಾಡಬೇಕಾದೀತು. ಮೂರು ದಶಕ ಒಂದೇ ಮಾತನ್ನು ಪ್ರತಿಪಾದಿಸಿದವನು ತನ್ನ ಸಿದ್ಧಾಂತಕ್ಕೆ ಕಾಲದ ಮಿತಿಯನ್ನು ತಾನೇ ಹಾಕಿಕೊಳ್ಳುವುದು ಅಪರೂಪ. ಸರ್ಕಾರ ಸೃಷ್ಟಿಸಿದ ಸಂಪತ್ತು ಸರ್ಕಾರ ಹಿಂದೆ ಸರಿದೊಡನೆ ಕರಗಿಹೋಗುವುದೇ ಎಂಬ ಪ್ರಶ್ನೆಯನ್ನು ಈ ಹಿನ್ನುಡಿ ಎತ್ತುತ್ತದೆ. ಮುಂದಿನ ಶತಮಾನದ ಮಾರುಕಟ್ಟೆ ಅರಾಜಕತಾವಾದವನ್ನು ಈ ಪ್ರಶ್ನೆಯನ್ನಿಟ್ಟುಕೊಂಡೇ ಓದಬೇಕಾಗುತ್ತದೆ.

5

ಇಪ್ಪತ್ತನೆಯ ಶತಮಾನದಲ್ಲಿ ಈ ಹೆಸರಿನ ಹಕ್ಕುದಾರಿಕೆ ಬದಲಾಯಿತು. ಬೆಲ್ಜಿಯಂ ಮೂಲದ ಗುಸ್ತಾವ್ ದ ಮೊಲಿನಾರಿ 1849ರಲ್ಲಿಯೇ ಪ್ಯಾರಿಸ್ಸಿನ ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ, ಬೇರೆಲ್ಲ ಸರಕುಗಳಂತೆ ರಕ್ಷಣೆಯನ್ನೂ ಪೈಪೋಟಿಗೆ ಬಿಡಬಹುದೆಂದು ವಾದಿಸಿದ್ದ. ಮುಕ್ತ ವ್ಯಾಪಾರದ ಪ್ರತಿಪಾದಕರಾದ ಆತನ ಮಿತ್ರರೇ ಆಗ ಅದನ್ನು ಒಪ್ಪಿರಲಿಲ್ಲ. ಮೊಲಿನಾರಿಗೆ ಬಡ್ಡಿ, ಗೇಣಿಗಳ ಬಗ್ಗೆ ಯಾವ ಆಕ್ಷೇಪವೂ ಇರಲಿಲ್ಲ. ನ್ಯೂಯಾರ್ಕಿನ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ (1926–1995) ಈ ಎಳೆಯನ್ನು ಸ್ಪೂನರ್ ಮತ್ತು ಟಕ್ಕರ್‌ರ ಪ್ರಭುತ್ವ ವಿಮರ್ಶೆಯೊಡನೆ ಹೆಣೆದು 'ಅನಾರ್ಕೋ-ಕ್ಯಾಪಿಟಲಿಸಂ' ಎಂದು ಕರೆದ. 1965ರ ಪ್ರಬಂಧವೊಂದರಲ್ಲಿ ಆತ ಆ ಇಬ್ಬರ ರಾಜಕೀಯವನ್ನು ಮನಸಾರೆ ಮೆಚ್ಚುತ್ತಲೇ ಅವರ ಅರ್ಥಶಾಸ್ತ್ರವನ್ನು ತಳ್ಳಿಹಾಕುತ್ತಾನೆ. ನೋಟು ಹೆಚ್ಚಿದರೆ ಬಂಡವಾಳ ಹೆಚ್ಚಿದಂತಲ್ಲ, ಬಡ್ಡಿಯು ಕಾನೂನಿನ ಸೃಷ್ಟಿಯಲ್ಲ, ಕಾಲದ ಬೆಲೆ ಎಂಬುದು ಆತನ ಉತ್ತರ. ಈ ಆಕ್ಷೇಪದಲ್ಲಿ ಹುರುಳಿದೆ ಎಂಬುದನ್ನು ಒಪ್ಪಬೇಕು. ಆದರೆ ಇದರೊಡನೆ ಟಕ್ಕರ್‌ನ ಸಮಾಜವಾದವೂ ಬಿದ್ದುಹೋಯಿತು. ಉಳಿದದ್ದು ಸರ್ಕಾರದ ವಿರೋಧ. ರಾತ್‌ಬಾರ್ಡ್‌ನ ಹಾದಿಯನ್ನು ಮೆಚ್ಚುವ, ತಾತ್ವಿಕವಾಗಿ ತಾನು ಅನಾರ್ಕೋ-ಕ್ಯಾಪಿಟಲಿಸ್ಟ್ ಎಂದು ಹೇಳಿಕೊಂಡ ಹಾವಿಯೆರ್ ಮಿಲೇ 2023ರಲ್ಲಿ ಅರ್ಜೆಂಟೀನಾದ ಅಧ್ಯಕ್ಷನಾಗಿ ಆಯ್ಕೆಯಾದ. ಅರಾಜಕತಾವಾದಿಯೊಬ್ಬ ರಾಷ್ಟ್ರಾಧ್ಯಕ್ಷನಾಗುವ ಈ ವಿಪರ್ಯಾಸವನ್ನು 'ಲಿಬರ್ಟಿ'ಯ ಸಂಪಾದಕ ಹೇಗೆ ಬರೆಯುತ್ತಿದ್ದನೋ ಊಹಿಸಬಹುದು.

ಇನ್ನೊಂದು ಕವಲು ಟಕ್ಕರ್‌ನ ಕಡೆಗೇ ಮರಳಿತು. ಪರಸ್ಪರತಾವಾದದ ಅರ್ಥಶಾಸ್ತ್ರವನ್ನು ಹೊಸದಾಗಿ ಕಟ್ಟಲು ಯತ್ನಿಸಿದ ಕೆವಿನ್ ಕಾರ್ಸನ್, 2006ರಲ್ಲಿ ಸ್ಥಾಪಿತವಾದ 'ಸೆಂಟರ್ ಫಾರ್ ಎ ಸ್ಟೇಟ್‌ಲೆಸ್ ಸೊಸೈಟಿ' ಎಂಬ ಕೇಂದ್ರ, ಗ್ಯಾರಿ ಚಾರ್ಟಿಯರ್ ಮತ್ತು ಚಾರ್ಲ್ಸ್ ಜಾನ್ಸನ್ ಸಂಪಾದಿಸಿದ 2011ರ 'ಮಾರ್ಕೆಟ್ಸ್ ನಾಟ್ ಕ್ಯಾಪಿಟಲಿಸಂ' ಎಂಬ ಸಂಕಲನ ಇವು ಈ ದಿಕ್ಕಿನವು. ಸಂಕಲನದ ಹೆಸರೇ ವಾದವನ್ನು ಹೇಳುತ್ತದೆ. ಹೆದ್ದಾರಿಗೆ ಸರ್ಕಾರದ ಹಣ, ಪೇಟೆಂಟಿನ ರಕ್ಷಣೆ, ಭೂಸ್ವಾಧೀನ, ಸಂಕಟಕ್ಕೆ ಸಿಲುಕಿದ ಬ್ಯಾಂಕುಗಳಿಗೆ ಖಜಾನೆಯ ನೆರವು ಇವಿಲ್ಲದೆ ಇಂದಿನ ಮಹಾಕಂಪನಿಗಳು ಇಷ್ಟು ಬೆಳೆಯುತ್ತಿರಲಿಲ್ಲ. ಆದ್ದರಿಂದ ಅವು ಮುಕ್ತ ಮಾರುಕಟ್ಟೆಯ ಕೂಸುಗಳಲ್ಲ, ಪ್ರಭುತ್ವದ ಸಾಕುಮಕ್ಕಳು ಎಂಬುದು ಇವರ ನಿಲುವು.

6

ಈ ಚಿಂತನೆಯನ್ನು ಭಾರತೀಯ ಓದುಗ ಎಲ್ಲಿ ನಿಂತು ಓದಬೇಕು? ಗಾಂಧೀಜಿಯವರ ಮೂಲಕ ಒಂದು ದಾರಿಯಿದೆ. ತೆರಿಗೆ ನಿರಾಕರಿಸಿ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದ ಥೋರೋವಿನ ಪ್ರಬಂಧವನ್ನು ಅವರು ದಕ್ಷಿಣ ಆಫ್ರಿಕಾದಲ್ಲಿ ಓದಿದ್ದರು. 1916ರಲ್ಲಿ ಬನಾರಸ್ಸಿನ ಭಾಷಣದಲ್ಲಿ ತಾವೂ ಬೇರೊಂದು ಬಗೆಯ ಅರಾಜಕತಾವಾದಿಯೆಂದು ಹೇಳಿ ಸಭೆಯಲ್ಲಿ ಗೊಂದಲವೆಬ್ಬಿಸಿದ್ದರು. ಆದರೆ ಗಾಂಧೀಜಿಯವರ ನೆಲೆ ಆತ್ಮಸಂಯಮದ್ದು, ಪೈಪೋಟಿಯದಲ್ಲ. ಹೆಚ್ಚು ಕಠಿಣವಾದ ಪ್ರಶ್ನೆ ಅಂಬೇಡ್ಕರ್ ಅವರಿಂದ ಬರುತ್ತದೆ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಪತ್ರದಲ್ಲಿ ಅವರು ಪ್ರಭುತ್ವದ ಹಿಡಿತದಿಂದ ಸಿಗುವ ಬಿಡುಗಡೆ ಯಾರ ಬಿಡುಗಡೆ ಎಂದು ಕೇಳುತ್ತಾರೆ. ಭೂಮಾಲೀಕನಿಗೆ ಗೇಣಿ ಏರಿಸುವ, ಬಂಡವಾಳಗಾರನಿಗೆ ದುಡಿಮೆಯ ಗಂಟೆ ಹೆಚ್ಚಿಸುವ ಸ್ವಾತಂತ್ರ್ಯವಷ್ಟೇ ಅಲ್ಲಿ ಉಳಿಯುತ್ತದೆ ಎಂಬುದು ಅವರ ಉತ್ತರದ ಆಶಯ. ಟಕ್ಕರ್ ಇದಕ್ಕೆ, ಭೂಮಾಲೀಕನ ಹಕ್ಕುಪತ್ರವನ್ನು ಕಾಯುವ ಪೊಲೀಸನೂ ಇರುವುದಿಲ್ಲವಲ್ಲ ಎಂದು ಹೇಳಬಹುದು. ಆದರೆ ನಮ್ಮ ಹಳ್ಳಿಗಳಲ್ಲಿ ಭೂಮಾಲೀಕನನ್ನು ಕಾಯ್ದದ್ದು ಪೊಲೀಸ್ ಮಾತ್ರವೇ? ಜಾತಿಗೆ ಹಕ್ಕುಪತ್ರ ಬೇಕಾಗಲಿಲ್ಲ. ಕೆರೆಯ ನೀರು ಮುಟ್ಟದಂತೆ ತಡೆಯಲು ಸರ್ಕಾರದ ಕಾನೂನು ಬೇಕಾಗಿರಲಿಲ್ಲ. ಮುಟ್ಟುವ ಹಕ್ಕನ್ನು ಸ್ಥಾಪಿಸಲು ಬೇಕಾಯಿತು. ಟಕ್ಕರ್‌ನ ನಾಲ್ಕು ಏಕಸ್ವಾಮ್ಯಗಳ ಪಟ್ಟಿಯಲ್ಲಿ ಹುಟ್ಟಿನ ಏಕಸ್ವಾಮ್ಯಕ್ಕೆ ಸ್ಥಳವಿಲ್ಲ. ಅಮೆರಿಕದಲ್ಲಿಯೂ ಗುಲಾಮಗಿರಿಯನ್ನು ಕೊನೆಗೊಳಿಸಿದ್ದು 1865ರ ಸಂವಿಧಾನ ತಿದ್ದುಪಡಿ, ಎಂದರೆ ಪ್ರಭುತ್ವವೇ. ಅದಾದ ಬಳಿಕ ಕರಿಯರನ್ನು ಮತ್ತೆ ಕಟ್ಟಿಹಾಕಿದ ಕಾನೂನುಗಳೂ ದಕ್ಷಿಣದ ಶಾಸನಸಭೆಗಳವೇ ಎಂಬುದನ್ನೂ ಮರೆಯುವಂತಿಲ್ಲ.

ಕರ್ನಾಟಕದ ಭೂಮಿಯ ಚರಿತ್ರೆ ಈ ವಾಗ್ವಾದವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಸರ್ಕಾರದ ಪೊಲೀಸರು ನಿಂತದ್ದು ಟಕ್ಕರ್ ಹೇಳಿದ ಸ್ಥಳದಲ್ಲಿಯೇ, ಒಡೆಯರ ಹಕ್ಕುಪತ್ರದ ಪಕ್ಕದಲ್ಲಿ. 1974ರಲ್ಲಿ ದೇವರಾಜ ಅರಸು ಅವರ ಕಾಲದ ತಿದ್ದುಪಡಿಯು ಉಳುವವನನ್ನೇ ಒಡೆಯನನ್ನಾಗಿಸಿದಾಗ, ಸರ್ಕಾರವಿಲ್ಲದಿದ್ದರೆ ಮಾತ್ರ ಆದೀತೆಂದು ಟಕ್ಕರ್ ನಂಬಿದ್ದ ಕೆಲಸವನ್ನು ಭೂನ್ಯಾಯಮಂಡಳಿಗಳ ಮೂಲಕ ಸರ್ಕಾರವೇ ಮಾಡಿತು. 2020ರಲ್ಲಿ ಅದೇ ಕಾಯಿದೆಗೆ ಬಂದ ಇನ್ನೊಂದು ತಿದ್ದುಪಡಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆಯಿತು. ಅದನ್ನು ಸಮರ್ಥಿಸಿದವರು ಬಳಸಿದ ಮಾತು 'ಮುಕ್ತ ಮಾರುಕಟ್ಟೆ'ಯದು. ಆ ಮಾರುಕಟ್ಟೆಗೆ ವಾರನ್‌ನ ಅಂಗಡಿಯ ಗುರುತು ಹತ್ತಲಾರದು.

ಕೊನೆಗೆ ಪದದ ಪ್ರಶ್ನೆಗೇ ಬರಬೇಕು. ಈ ಬರಹಗಳನ್ನು ಕನ್ನಡಕ್ಕೆ ತರುವಾಗ 'ಅರಾಜಕ' ಎಂದೇ ಉಳಿಸಿಕೊಳ್ಳಬೇಕೇ, 'ಪ್ರಭುತ್ವರಹಿತ' ಎಂಬಂತಹ ನಿರಪಾಯಕಾರಿ ಪದವನ್ನು ಕಟ್ಟಬೇಕೇ ಎಂಬ ಚರ್ಚೆ ಅನುವಾದದ ತರಗತಿಗಳಲ್ಲಿ ನಡೆಯಬೇಕಾಗಿದೆ. ನನ್ನ ಒಲವು ಹಳೆಯ ಪದದ ಕಡೆಗೆ. 'ನಿರಂಕುಶ' ಎಂಬ ಪದವನ್ನು ನೋಡಬಹುದು. 'ನಿರಂಕುಶ ಪ್ರಭುತ್ವ' ಎಂದಾಗ ಅದು ದಬ್ಬಾಳಿಕೆಯ ಹೆಸರು. ಅದೇ ಪದವನ್ನು ಕುವೆಂಪು ಅವರು ಮತಿಗೆ ಸೇರಿಸಿ 'ನಿರಂಕುಶಮತಿಗಳಾಗಿ' ಎಂದು ಕರೆಕೊಟ್ಟಾಗ ಅದು ಬಿಡುಗಡೆಯ ಹೆಸರಾಯಿತು. ಈಗ ಎರಡು ಅರ್ಥಗಳೂ ಕನ್ನಡದಲ್ಲಿ ಚಲಾವಣೆಯಲ್ಲಿವೆ, ಓದುಗರಿಗೆ ಅದರಿಂದ ಯಾವ ಗೊಂದಲವೂ ಆಗಿಲ್ಲ.